ಬೆಲ್ಲಮ್ಮನ ಗರ್ದಭಯಂತ್ರ

ಕನ್ನಡ ಮೇಷ್ಟ್ರು ಆ ಶಾಲೆಗೆ ವರ್ಗವಾಗಿ ಬಂದ ದಿನ ಮೊಟ್ಟಮೊದಲು ಎದುರಾದವಳು ಬೆಲ್ಲಮ್ಮ. ಗೇಟು ದಾಟಿ ಬಂದು, "ಮುಖ್ಯೋಪಾಧ್ಯಾಯರ ಕೋಣೆ ಎಲ್ಲಮ್ಮ?" ಎಂದು ಕೇಳಿದರೆ ಆಕೆ ಉತ್ತರ ಕೊಡದೆ ಅಂಗೈಯೆತ್ತಿ ತಡೆದಳು. ಗೋಡೆಯ ಗಡಿಯಾರದಲ್ಲಿ ನೆಟ್ಟ ಕಣ್ಣನ್ನು ಕೀಳಲಿಲ್ಲ. ದೊಡ್ಡ ಮುಳ್ಳು ಹನ್ನೆರಡರ ಮೇಲೆ ಬಂದದ್ದೇ ತಡ, ತೊಲೆಗೆ ತೂಗುಹಾಕಿದ್ದ ಕಬ್ಬಿಣದ ತುಂಡಿಗೆ ಸುತ್ತಿಗೆಯಿಂದ ಹತ್ತು ಏಟು ಹೊಡೆದಳು. ಆಮೇಲೆ ಸುತ್ತಿಗೆಯನ್ನು ಮೊಳೆಗೆ ಸಿಕ್ಕಿಸಿ, ಸೆರಗಿನಿಂದ ಕೈ ಒರೆಸಿಕೊಂಡಳು.

"ಈಗ ಕೇಳಿ ಸರ್. ಏಟಿನ ಮಧ್ಯೆ ಮಾತಾಡಿದ್ರೆ ಲೆಕ್ಕ ತಪ್ಪುತ್ತೆ. ಒಂದ್ಸಲ ಹೀಗೇ ತಪ್ಪಿ, ಮೂರು ತರಗತಿ ಮಕ್ಕಳು ಚೀಲ ಎತ್ತಿಕೊಂಡು ಮನೆಗೆ ಹೋಗಿಬಿಟ್ಟಿದ್ರು."

ಬೆಲ್ ಹೊಡೆಯುವ ಅಮ್ಮ, ಆದ್ದರಿಂದ ಬೆಲ್ಲಮ್ಮ. ಈ ಸಂಧಿಯನ್ನು ಮಾಡಿದವರು ಮಕ್ಕಳು. ವ್ಯಾಕರಣದಲ್ಲಿ ಇದಕ್ಕೆ ಸೂತ್ರವಿಲ್ಲ. ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲೇ ಉಳಿಯಿತು.

ಹತ್ತನೆಯ ತರಗತಿಯವರೆಗೆ ಓದಿದ್ದಳು. ಹೊಲಿಗೆ ಅಂಗಡಿಯೊಂದರ ಹಿಂದಿನ ಎರಡು ಕೋಣೆಗಳಲ್ಲಿ ಅಕ್ಕನ ಜೊತೆ ವಾಸ. ಅಕ್ಕ ಅದೇ ಅಂಗಡಿಯಲ್ಲಿ ಗುಂಡಿ ಹೊಲಿಯುವವಳು. ತನ್ನ ಬಾಯನ್ನು ಮಾತ್ರ ಎಂದೂ ಹೊಲಿದುಕೊಂಡವಳಲ್ಲ. "ನೀನು ಬಡಿಯೋ ಬಡಿತಕ್ಕೆ ಸತ್ತವರೂ ಎದ್ದು ಕೂರ್ತಾರೆ, ನಿನ್ನ ಹಣೆಬರಹ ಒಂದೇ ನೋಡು ಕುಂಭಕರ್ಣ," ಎಂದು ದಿನಾ ಬೆಳಿಗ್ಗೆ ತಂಗಿಯನ್ನು ಕಳುಹಿಸಿಕೊಡುತ್ತಿದ್ದಳು.

ಹತ್ತೊಂಬತ್ತು ವರ್ಷ ಗಂಟೆ ಹೊಡೆದರೂ ಶಾಲೆಯಲ್ಲಿ ಬೆಲ್ಲಮ್ಮನಿಗೆ ಒಂದು ಕುರ್ಚಿಯಿರಲಿಲ್ಲ. ಗಡಿಯಾರದ ಕೆಳಗೊಂದು ಮೂರು ಕಾಲಿನ ಸ್ಟೂಲು ಇತ್ತು. ಅದರ ಮೇಲೆ ನೀರಿನ ಕ್ಯಾನು ಕುಳಿತಿರುತ್ತಿತ್ತು. ಆಕೆ ನಿಂತಿರುತ್ತಿದ್ದಳು. ಮೊಣಕಾಲು ಎರಡೂ ಊದಿ, ಸಂಜೆಯ ಹೊತ್ತಿಗೆ ಗೋಡೆ ಹಿಡಿದು ನಡೆಯುವಂತಾಗಿತ್ತು.

ಕಂಪ್ಯೂಟರ್ ಕೋಣೆಯ ಕೀಲಿಕೈ ಆಕೆಯ ಪಾಲಿಗೆ ಬಂದದ್ದು ಕಸ ಗುಡಿಸುವುದಕ್ಕೆ. ಹನ್ನೆರಡು ಲ್ಯಾಪ್‌ಟಾಪು, ಗೋಡೆಯ ಮೇಲೊಂದು ದೀಪ ಮಿಟುಕಿಸುವ ರೂಟರು. ಅವನ್ನು ನೋಡಿಕೊಳ್ಳುತ್ತಿದ್ದವನು ಒಂದೇ ವರ್ಷದಲ್ಲಿ ಬೇರೆ ಕಡೆ ಹೋದ. ಬೆಲ್ಲಮ್ಮ ಕಸ ಗುಡಿಸಿ, ಎರಡು ಗಂಟೆಗಳ ನಡುವಿನ ಹೊತ್ತಿನಲ್ಲಿ ಪರದೆ ನೋಡಿದಳು. ನೋಡನೋಡುತ್ತ ಕಲಿತಳು. ಕಲಿತದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು.

ಆ ಶಾಲೆಯ ನಿತ್ಯದ ಕಾಯಿಲೆ ಒಂದೇ. ವೈಫೈ ಸಿಕ್ಕಿದೆ ಎಂದು ತೋರಿಸುತ್ತದೆ, ಇಂಟರ್ನೆಟ್ಟು ಬರುವುದಿಲ್ಲ. ಯಾರಾದರೂ ಕೂಗಿಕೊಂಡರೆ ಬೆಲ್ಲಮ್ಮ ಬಾಗಿಲಲ್ಲೇ ನಿಂತು ಮೊದಲು ಕೇಳುತ್ತಿದ್ದ ಪ್ರಶ್ನೆ, "ನಿಮ್ಮೊಬ್ಬರಿಗೋ, ಎಲ್ಲರಿಗೋ?"

ಎಲ್ಲರಿಗೂ ಎಂದರೆ ರೂಟರನ್ನು ಆರಿಸಿ, ಅರವತ್ತು ಎಣಿಸಿ ಹಾಕುತ್ತಿದ್ದಳು. ಒಬ್ಬರಿಗೆ ಮಾತ್ರ ಎಂದರೆ ತಪ್ಪು ಆ ಲ್ಯಾಪ್‌ಟಾಪಿನದೇ. ವೈಫೈಯನ್ನು ಮರೆಸಿ ಮತ್ತೆ ಸೇರಿಸುವುದು, ತಾರೀಖು ಸರಿಯಿದೆಯೇ ನೋಡುವುದು, ಕೊನೆಗೆ ಒಳಗಿನ ಸಂಖ್ಯೆಗಳನ್ನು ನೋಡುವುದು.

"ವೈಫೈ ಅಂದ್ರೆ ಗೇಟು ಸರ್," ಎಂದು ಕನ್ನಡ ಮೇಷ್ಟ್ರಿಗೆ ಒಮ್ಮೆ ಬಿಡಿಸಿ ಹೇಳಿದ್ದಳು. "ಗೇಟು ದಾಟಿ ಬಂದಿದೀರಿ. ಒಳಗೆ ಯಾರೂ ಮಾತಾಡಿಸ್ತಾ ಇಲ್ಲ. ಯಾಕೆ ಮಾತಾಡಿಸ್ತಾ ಇಲ್ಲ ಅಂತ ಹುಡುಕಬೇಕು, ಅಷ್ಟೇ."

ಇದನ್ನು ಸಹಿಸದವರು ಯಾರೂ ಇರಲಿಲ್ಲ. ಇದನ್ನು ಕಂಡು ನಗದವರೂ ಯಾರೂ ಇರಲಿಲ್ಲ. ನಗುವವರಲ್ಲಿ ವಿಜ್ಞಾನದ ಮೇಷ್ಟ್ರು ಮುಂದಾಳು. ಮುಖದಲ್ಲಿ ಒಂದು ಗೆರೆಯೂ ಅಲುಗಾಡದಂತೆ ತಮಾಷೆ ಮಾಡುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ರೂಟರಿನ ತಂತಿಯನ್ನು ಕೂದಲೆಳೆಯಷ್ಟು ಸಡಿಲಿಸಿ, "ಬೆಲ್ಲಮ್ಮಾ, ಪ್ರಳಯ ಆಗಿದೆ ಬಾರಮ್ಮ," ಎಂದು ಕೂಗಿ, ಕೈಗಡಿಯಾರ ನೋಡುತ್ತ ಕೂರುತ್ತಿದ್ದರು. ಆಕೆ ಊದಿದ ಕಾಲೆಳೆದುಕೊಂಡು ಬಂದು ಮೇಜಿನಡಿ ತೂರಿ ತಂತಿ ಹುಡುಕುವುದನ್ನು ನೋಡುವುದು ಅಧ್ಯಾಪಕರ ಕೋಣೆಯ ಮಧ್ಯಾಹ್ನದ ಮನರಂಜನೆ. ಕನ್ನಡ ಮೇಷ್ಟ್ರು ಜೋರಾಗಿ ನಗುತ್ತಿರಲಿಲ್ಲ. ಪುಸ್ತಕ ಅಡ್ಡ ಹಿಡಿದುಕೊಂಡು ನಗುತ್ತಿದ್ದರು.

ಹೀಗಿರುವಾಗ ಕಂಪ್ಯೂಟರ್ ಕೋಣೆಗೆ ಕಾಯಂ ಸಹಾಯಕರ ಹುದ್ದೆ ಮಂಜೂರಾಯಿತು. ಹತ್ತು ವರ್ಷ ಕೆಲಸ ಮಾಡಿದ ಯಾರೇ ಆದರೂ ಅರ್ಜಿ ಹಾಕಬಹುದು. ಮುಖ್ಯ ಕಚೇರಿಯ ಅಧಿಕಾರಿ ಬಂದು ಕೆಲಸ ಮಾಡಿಸಿ ನೋಡಿ, ನಾಲ್ಕು ಪ್ರಶ್ನೆ ಕೇಳುತ್ತಾರೆ. ಹುದ್ದೆಯ ಜೊತೆ ಒಂದು ಮೇಜು, ಒಂದು ಕುರ್ಚಿ. ಆ ಕುರ್ಚಿ ಆಗಲೇ ಬಂದು, ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ಮೂಲೆಯಲ್ಲಿತ್ತು. ಬೆಲ್ಲಮ್ಮ ಅದನ್ನು ದಿನಾ ಒರೆಸಿದಳು. ಒಂದು ದಿನವೂ ಕುಳಿತು ನೋಡಲಿಲ್ಲ.

"ಕೆಲಸ ಬಂದ್ರೆ ಸಾಲದು ಬೆಲ್ಲಮ್ಮ, ಮಾತು ಬರಬೇಕು," ಎಂದರು ವಿಜ್ಞಾನದ ಮೇಷ್ಟ್ರು. "ಬರೋ ಸಾಹೇಬ್ರು ಮಹಾಪಂಡಿತರು. ರೂಟರು ಗೀಟರು ಅಂದ್ರೆ ಉರಿದುಬೀಳ್ತಾರೆ. ಎಲ್ಲಾ ಗ್ರಂಥದ ಪದಗಳೇ ಬೇಕು ಅವರಿಗೆ."

"ನನಗೆಲ್ಲಿ ಬರುತ್ತೆ ಸರ್ ಅವೆಲ್ಲ?"

"ನಾನೇನು ಸತ್ತಿದೀನಾ? ಬರ್ಕೋ."

ಬರೆದುಕೊಂಡಳು. ರೂಟರಿಗೆ ಗರ್ದಭಯಂತ್ರ. ಪ್ರತಿ ಲ್ಯಾಪ್‌ಟಾಪಿಗೂ ಒಳಗೊಳಗೆ ಇರುವ ವಿಳಾಸದ ಸಂಖ್ಯೆಗೆ ಲಂಬಕರ್ಣ ಸಂಖ್ಯೆ. ವೈಫೈ ಇದ್ದೂ ಇಂಟರ್ನೆಟ್ಟು ಬಾರದ ಕಾಯಿಲೆಗೆ ಉಲೂಕದೋಷ. ಇವನ್ನೆಲ್ಲ ನೋಡಿಕೊಳ್ಳುವ ಹೆಂಗಸಿನ ಹುದ್ದೆಗೆ ಯಂತ್ರಮಹಿಷಿ. ಗರ್ದಭವೆಂದರೆ ಕತ್ತೆ, ಲಂಬಕರ್ಣವೆಂದರೂ ಕತ್ತೆ, ಉಲೂಕವೆಂದರೆ ಗೂಬೆ. ಮಹಿಷಿ ಎಂದರೆ ಪಟ್ಟದರಾಣಿ ಹೌದು, ಎಮ್ಮೆಯೂ ಹೌದು. ಇಂಟರ್ನೆಟ್ಟಿನಲ್ಲಿ ಹುಡುಕಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಆದರೆ ಮೇಷ್ಟ್ರು ಹೇಳಿಕೊಟ್ಟದ್ದನ್ನು ಇನ್ನೊಂದು ಕಡೆ ಕೇಳಿ ನೋಡುವುದು ಆಕೆಯ ಜಾಯಮಾನದಲ್ಲಿರಲಿಲ್ಲ.

ಇನ್ನೊಂದು ಕಡೆ ತೋರಿಸಿದ್ದು ಕಾಗುಣಿತಕ್ಕಾಗಿ ಮಾತ್ರ. ನೋಟ್‌ಬುಕ್ಕು ಹಿಡಿದು ಕನ್ನಡ ಮೇಷ್ಟ್ರ ಮೇಜಿನ ಮುಂದೆ ನಿಂತಳು.

"ಒಂಚೂರು ನೋಡಿ ಸರ್. ಸಾಹೇಬ್ರ ಮುಂದೆ ತಪ್ಪಾಗಬಾರದು."

ಅಧ್ಯಾಪಕರ ಕೋಣೆ ಗಪ್‌ಚಿಪ್ಪಾಯಿತು. ಕಿಟಕಿಯತ್ತ ತಿರುಗಿದ್ದ ವಿಜ್ಞಾನದ ಮೇಷ್ಟ್ರ ಭುಜಗಳು ಅಲುಗುತ್ತಿದ್ದವು. ಕನ್ನಡ ಮೇಷ್ಟ್ರು ಪುಟದ ಮೇಲೆ ಕಣ್ಣಾಡಿಸಿದರು. ಹೇಳಿಬಿಡಬೇಕೆಂದು ಬಾಯಿ ತೆರೆದದ್ದೂ ನಿಜ. ಆದರೆ ಆಕೆ 'ಗರ್ದಬ' ಎಂದು ಬರೆದಿದ್ದಳು. ಮೂವತ್ತು ವರ್ಷದ ಅಭ್ಯಾಸ. ಕೈ ಕೆಂಪು ಪೆನ್ನಿನ ಮುಚ್ಚಳ ತೆಗೆಯಿತು.

"ಬ ಅಲ್ಲಮ್ಮ, ಭ. ಅಡಿಯಲ್ಲಿ ಗೀಟು ಬೇಕು. ಮಹಾಪ್ರಾಣ, ಹೊಟ್ಟೆಯಿಂದ ಉಸಿರು ಬರಬೇಕು. ಎಲ್ಲಿ, ಹೇಳು?"

"ಗರ್ದಭ."

"ಭೇಷ್!"

ಆಕೆ ಆಚೆ ಹೋದ ಮೇಲೆ ಕೋಣೆಯಲ್ಲಿ ಎದ್ದ ನಗು ಅಂಗಳದವರೆಗೂ ಕೇಳಿಸಿತು. "ನಿಮ್ಮ ಭೇಷ್ ಇತ್ತಲ್ಲ ಮೇಷ್ಟ್ರೇ, ಅದು ಕಿರೀಟ!" ಎಂದು ವಿಜ್ಞಾನದವರು ಬಂದು ಬೆನ್ನು ತಟ್ಟಿದರು. ಕನ್ನಡ ಮೇಷ್ಟ್ರಿಗೆ ಆ ಶಾಲೆಯಲ್ಲಿ ಹಾಗೆ ಯಾರೂ ಬೆನ್ನು ತಟ್ಟಿರಲಿಲ್ಲ. ಮುಂದಿನ ಎಂಟು ದಿನದಲ್ಲಿ ಇನ್ನೆರಡು ಸಲ ಉಚ್ಚಾರಣೆ ತಿದ್ದಿದರು. ಸಂದರ್ಶನ ಸೋಮವಾರ, ಶನಿವಾರ ಹೇಳಿಬಿಡೋಣ ಎಂದುಕೊಂಡರು. ಶನಿವಾರ ಅರ್ಧ ದಿನದ ಶಾಲೆ, ಮರೆತರು. ಮರೆತೆ ಎಂದೇ ಅವರು ಇಂದಿಗೂ ಹೇಳುವುದು.

ಸೋಮವಾರ ಅಧಿಕಾರಿ ತಮ್ಮ ಲ್ಯಾಪ್‌ಟಾಪಿನೊಡನೆ ಬಂದರು. ಅಂಕಗಳನ್ನು ಅದರಲ್ಲೇ ತುಂಬಿ ಮುಖ್ಯ ಕಚೇರಿಗೆ ಕಳುಹಿಸಬೇಕಿತ್ತು. ಶಾಲೆಯ ಪರವಾಗಿ ಕನ್ನಡ ಮೇಷ್ಟ್ರು ಪಕ್ಕದಲ್ಲಿ ಕುಳಿತರು. ಕಾರಿಡಾರಿನ ಕಿಟಕಿಯಲ್ಲಿ ಆರೇಳು ತಲೆಗಳು.

"ಏನ್ರೀ ಇದು, ಸಂಪರ್ಕ ಇದೆ ಅನ್ನುತ್ತೆ, ಒಂದು ಪುಟ ತೆರೆಯೋಲ್ಲ!" ಎಂದು ಅಧಿಕಾರಿ ಗೊಣಗಿದರು.

"ನಿಮ್ಮೊಬ್ಬರಿಗೋ, ಎಲ್ಲರಿಗೋ ಸರ್?" ಎಂದಳು ಬೆಲ್ಲಮ್ಮ. ಶಾಲೆಯ ಒಂದು ಲ್ಯಾಪ್‌ಟಾಪು ತೆರೆದು ನೋಡಿದಳು, ಬರುತ್ತಿತ್ತು. ಅಧಿಕಾರಿಯ ಯಂತ್ರದಲ್ಲಿ ವೈಫೈ ಮರೆಸಿ ಮತ್ತೆ ಸೇರಿಸಿದಳು; ಊಹೂಂ. ತಾರೀಖು ಸರಿಯಿತ್ತು. ಒಳಗಿನ ಸಂಖ್ಯೆಗಳ ಪುಟಕ್ಕೆ ಹೋಗುತ್ತಲೇ ಆಕೆಯ ಮುಖ ಅರಳಿತು. ಅಧಿಕಾರಿಯ ಕಚೇರಿಯಲ್ಲಿ ಯಾರೋ ಅಲ್ಲಿಗೆ ಒಪ್ಪುವ ಸಂಖ್ಯೆಗಳನ್ನು ಕೈಯಿಂದ ತುಂಬಿಬಿಟ್ಟಿದ್ದರು. ಇಲ್ಲಿಯ ರೂಟರಿಗೆ ಅವುಗಳ ಗುರುತು ಹತ್ತುತ್ತಿರಲಿಲ್ಲ. ಅವನ್ನು ಅಳಿಸಿ, ತಾನಾಗಿಯೇ ಪಡೆಯುವಂತೆ ಬದಲಿಸಿದಳು. ಪುಟ ತೆರೆದುಕೊಂಡಿತು. ಹಿಡಿದದ್ದು ನಾಲ್ಕೇ ನಿಮಿಷ.

"ಅಬ್ಬಾ! ನಮ್ಮ ಕಚೇರಿಯಲ್ಲಿ ಇದಕ್ಕೆ ಎರಡು ದಿನ ತೊಗೊಳ್ತಾರೆ," ಎಂದು ಅಧಿಕಾರಿ ನಕ್ಕರು. "ಏನಾಗಿತ್ತಮ್ಮ? ಬಿಡಿಸಿ ಹೇಳಿ."

ಬೆಲ್ಲಮ್ಮ ಎದ್ದು, ಪದ್ಯ ಒಪ್ಪಿಸುವ ಮಗುವಿನಂತೆ ಕೈಕಟ್ಟಿ ನಿಂತಳು.

"ಸರ್, ಶಾಲೆಯ ಗರ್ದಭಯಂತ್ರ ಚೆನ್ನಾಗಿದೆ. ದೋಷ ತಮ್ಮದೇ. ತಮ್ಮ ಲಂಬಕರ್ಣ ಸಂಖ್ಯೆ ಇಲ್ಲಿಗೆ ಹೊಂದೋದಿಲ್ಲ. ಅದರಿಂದ ತಮಗೆ ಉಲೂಕದೋಷ ಉಂಟಾಗಿತ್ತು."

ಭಕಾರದ ಉಸಿರು ಹೊಟ್ಟೆಯಿಂದಲೇ ಬಂತು. ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು.

"ಏನಂದೆ?"

ಕೇಳಿಸಲಿಲ್ಲವೇನೋ ಎಂದುಕೊಂಡು ಆಕೆ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ಅಧಿಕಾರಿಯ ಕಿವಿ ಕೆಂಪಾದವು.

"ಯಾವ ಹುದ್ದೆಗೆ ಬಂದು ನಿಂತಿದೀಯ ಅನ್ನೋದಾದ್ರೂ ಗೊತ್ತಿದೆಯಾ?"

"ಯಂತ್ರಮಹಿಷಿ ಹುದ್ದೆಗೆ ಸರ್."

ಕಿಟಕಿಯ ನಗು ಕಟ್ಟೆಯೊಡೆಯಿತು. ಬೆಲ್ಲಮ್ಮ ಅತ್ತ ನೋಡಿದಳು, ಇತ್ತ ನೋಡಿದಳು. ಏನೋ ತಪ್ಪಾಗಿದೆ ಎಂಬುದು ಹೊಳೆಯಿತು, ಏನು ಎಂಬುದು ಹೊಳೆಯಲಿಲ್ಲ. "ವಿಜ್ಞಾನದ ಮೇಷ್ಟ್ರು ಬರೆಸಿದ್ರು ಸರ್, ಕನ್ನಡ ಮೇಷ್ಟ್ರು ತಿದ್ದಿಕೊಟ್ರು," ಎಂದು ನೋಟ್‌ಬುಕ್ಕನ್ನು ಮುಂದಿಟ್ಟಳು.

"ನಾನಾ?" ಎಂದರು ಕಿಟಕಿಯಾಚೆಯಿಂದ ವಿಜ್ಞಾನದವರು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. "ಕಪ್ಪೆ ಕೊಯ್ಯೋನಿಗೆ ಸಂಸ್ಕೃತ ಎಲ್ಲಿಂದ ಬರುತ್ತೆ ಸಾರ್?"

ಅಧಿಕಾರಿ ಕೆಂಪು ಶಾಯಿಯ ಗೀಟನ್ನು ಬೆರಳಿನಿಂದ ಮುಟ್ಟಿ ಕನ್ನಡ ಮೇಷ್ಟ್ರತ್ತ ತಿರುಗಿದರು. "ಇದು ನಿಮ್ಮದೇ?"

ಬೆಲ್ಲಮ್ಮನೂ ತಿರುಗಿದಳು. ಆಕೆಯ ಮುಖದಲ್ಲಿ ಆಗ ಹೆದರಿಕೆಯಿರಲಿಲ್ಲ. ಇನ್ನೇನು ಮೇಷ್ಟ್ರು ಎಲ್ಲ ಸರಿಮಾಡುತ್ತಾರೆ ಎನ್ನುವ ನೆಮ್ಮದಿಯಿತ್ತು. ಮೇಷ್ಟ್ರು ಆಡಬೇಕಾಗಿದ್ದುದು ಒಂದು ವಾಕ್ಯ. ಆಡಿದ್ದೂ ಒಂದೇ ವಾಕ್ಯ.

"ನಾನು ಕಾಗುಣಿತ ಮಾತ್ರ ನೋಡಿದೆ ಸರ್."

ಅಧಿಕಾರಿ ತೆರೆದುಕೊಂಡಿದ್ದ ಪುಟದಲ್ಲಿ ಟೈಪು ಮಾಡಿದರು. ಕೆಲಸ: ಉತ್ತಮ. ನಡತೆ: ಉದ್ಧಟ; ಮೇಲಧಿಕಾರಿಗೆ ಅವಮಾನ, ಅಧ್ಯಾಪಕರ ಮೇಲೆ ದೂರು. ಶಿಫಾರಸು: ಇಲ್ಲ. ಗುಂಡಿ ಒತ್ತಿದರು. ತಟ್ಟನೆ ಹೋಯಿತು. ಸಂಪರ್ಕ ಬಹಳ ಚೆನ್ನಾಗಿತ್ತು.

ಮಧ್ಯಾಹ್ನದ ಗಂಟೆಯನ್ನು ಬೆಲ್ಲಮ್ಮ ಸರಿಯಾದ ಹೊತ್ತಿಗೇ ಹೊಡೆದಳು. ಶಾಲೆ ಬಿಡುವ ಮುಂಚೆ ಕನ್ನಡ ಮೇಷ್ಟ್ರ ಮೇಜಿನ ಮುಂದೆ ಬಂದು ನಿಂತಳು.

"ಮಹಿಷಿ ಅಂದ್ರೆ ಏನು ಸರ್?"

"ರಾಣಿ," ಎಂದರು ಮೇಷ್ಟ್ರು. "ಪಟ್ಟದರಾಣಿ."

"ಎಮ್ಮೆ ಅಂತಲೂ ಇದೆಯಲ್ಲ ಸರ್. ಈಗ ನೋಡ್ದೆ. ಇಂಟರ್ನೆಟ್ಟು ಬರ್ತಿದೆಯಲ್ಲ, ನಾನೇ ಸರಿ ಮಾಡಿದ್ದು."

"ಅದು... ತಮಾಷೆಗೆ ಅಂತ ಅವರು..."

"ನಗು ಬಂತಾ ಸರ್ ನಿಮಗೆ?"

ಮೇಷ್ಟ್ರು ಮೇಜಿನ ಮೇಲಿದ್ದ ಪುಸ್ತಕಗಳನ್ನು ಜೋಡಿಸತೊಡಗಿದರು. ಆಕೆ ಗಡಿಯಾರ ನೋಡಿ, ಗಂಟೆಯ ಕಡೆಗೆ ಹೋದಳು. ಅಂದು ಮನೆಯಲ್ಲಿ ಅಕ್ಕ ಒಂದು ಮಾತೂ ಆಡಲಿಲ್ಲವಂತೆ.

ಇದಾಗಿ ಆರು ವರ್ಷ. ಕುರ್ಚಿಯಲ್ಲಿ ಪ್ರಮಾಣಪತ್ರವುಳ್ಳ ಹೊಸಬನೊಬ್ಬ ಕುಳಿತಿದ್ದಾನೆ. ಏನೇ ಕೆಟ್ಟರೂ ಎಲ್ಲದರ ಪ್ಲಗ್ಗು ಕಿತ್ತು ಹಾಕುತ್ತಾನೆ. ವಿಜ್ಞಾನದ ಮೇಷ್ಟ್ರು ಮುಖ್ಯೋಪಾಧ್ಯಾಯರಾಗಿದ್ದಾರೆ. ರೂಟರಿಗೆ ಆ ಶಾಲೆಯಲ್ಲಿ ಈಗ ಗರ್ದಭ ಎಂದೇ ಹೆಸರು. ಮಕ್ಕಳು ಏನೆಂದು ತಿಳಿಯದೆ ಹಾಗೆನ್ನುತ್ತಾರೆ, ಅಧ್ಯಾಪಕರು ತಿಳಿದೇ ಅನ್ನುತ್ತಾರೆ. ರೂಟರು ಎನ್ನುವವಳು ಬೆಲ್ಲಮ್ಮ ಒಬ್ಬಳೇ. ಕಂಪ್ಯೂಟರ್ ಕೋಣೆಯ ಕೀಲಿಕೈಯನ್ನು ಆ ಸಂದರ್ಶನದ ಮರುದಿನವೇ ಮೊಳೆಗೆ ನೇತುಹಾಕಿದಳು. ಯಾರು ಎಷ್ಟು ಕೂಗಿಕೊಂಡರೂ, "ನಂದು ಗಂಟೆ ಕೆಲಸ ಸರ್," ಎನ್ನುತ್ತಾಳೆ. ಕಾಲು ಈಗ ಮಡಚುವುದೇ ಇಲ್ಲ, ನಿಂತೇ ಇರುತ್ತಾಳೆ. ನಿವೃತ್ತಿಗೆ ಇನ್ನು ಒಂದೂವರೆ ವರ್ಷವಿದೆ.

ಕನ್ನಡ ಮೇಷ್ಟ್ರು ನಿವೃತ್ತರಾಗಿ ಶಾಲೆಯಿಂದ ಎರಡು ಬೀದಿಯಾಚೆ ಇದ್ದಾರೆ. ಕಳೆದ ತಿಂಗಳು ಅವರ ಲ್ಯಾಪ್‌ಟಾಪಿನಲ್ಲಿ ಅದೇ ಕಾಯಿಲೆ ಕಾಣಿಸಿಕೊಂಡಿತು. ಅವರೊಬ್ಬರಿಗೇ, ಅದನ್ನು ಮೊದಲು ವಿಚಾರಿಸಿ ನೋಡಿದರು. ಪೇಟೆಯಲ್ಲಿ ರಿಪೇರಿಯವರು ಬೇಕಾದಷ್ಟು ಜನ ಇದ್ದರು. ಮೇಷ್ಟ್ರು ಎರಡು ದಿನ ಯೋಚಿಸಿ ಒಂದು ಚೀಟಿ ಬರೆದರು: "ಬೆಲ್ಲಮ್ಮನವರಿಗೆ, ಲ್ಯಾಪ್‌ಟಾಪಿನಲ್ಲಿ ವೈಫೈ ಸಂಪರ್ಕವಿದೆ, ಇಂಟರ್ನೆಟ್ಟು ಇಲ್ಲ. ಧಯವಿಟ್ಟು ಒಮ್ಮೆ ಬನ್ನಿ. ನಿಮ್ಮೊಡನೆ ಮಾತನಾಡುವುದಿದೆ." ತಾವೇ ಹೋಗಿ, ಆಕೆ ಹತ್ತರ ಗಂಟೆ ಹೊಡೆಯುತ್ತಿರುವಾಗ ಏಟುಗಳ ಮಧ್ಯೆ ಮಾತನಾಡಿಸದೆ, ಸ್ಟೂಲಿನ ಮೇಲೆ ನೀರಿನ ಕ್ಯಾನಿನ ಪಕ್ಕ ಇಟ್ಟು ಬಂದರು.

ಮರುದಿನ ಅದೇ ಚೀಟಿ ಅವರ ಮನೆಯ ಬಾಗಿಲಡಿಯಿಂದ ಒಳಗೆ ಸರಿದಿತ್ತು. ಮೇಷ್ಟ್ರು ಬಾಗಿಲು ತೆರೆದರು. ಬೀದಿಯಲ್ಲಿ ಯಾರೂ ಇರಲಿಲ್ಲ. ಬರೆಯುವಾಗ ಪೆನ್ನು ಜಾರಿ, ದಕಾರದ ಅಡಿಯಲ್ಲೊಂದು ಗೀಟು ಬಿದ್ದು, 'ದಯವಿಟ್ಟು' ಎಂಬುದು 'ಧಯವಿಟ್ಟು' ಆಗಿತ್ತು. ಆ ಗೀಟಿನ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ. ಪಕ್ಕದಲ್ಲಿ ದುಂಡಗಿನ ಅಕ್ಷರದ ಒಂದು 'ದ'. ಕೆಳಗೆ ಒಂದು ಸಾಲು:

"ಉಳಿದದ್ದೆಲ್ಲ ಸರಿಯಾಗಿದೆ ಸರ್."