ನೀಲವ್ವ ನುಂಗದ ಗುಳಿಗೆ

ನಮ್ಮ ಮನೆಯಲ್ಲಿ ಮಾವನವರಿಗಿಂತ ಎತ್ತರ ಕೂರುತ್ತಿದ್ದ ಹೆಂಗಸು ಒಬ್ಬಳೇ, ನೀಲವ್ವ. ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನಗೆ ನೆಗೆಣ್ಣಿ. ಮಾವ ನೆಲದ ಮೇಲೆ ಕಂಬಳಿ ಹಾಸಿಕೊಂಡು ಕುಳಿತರೆ ಈಕೆ ಅವರ ಎದುರಿಗೇ ಜೋಳದ ಚೀಲದ ಮೇಲೆ ಕುಳಿತು ಎಡಗಾಲು ಇಳಿಬಿಟ್ಟು ಅಲ್ಲಾಡಿಸುತ್ತಿದ್ದಳು. ತಲೆಯ ಮೇಲೆ ಸೆರಗು ಇರುತ್ತಿತ್ತು, ಅಷ್ಟೇ ಮರ್ಯಾದೆ. ನಾನು ಬಿಜ್ಜರಗಿಯಿಂದ ವಿಜಾಪುರದ ಜೋರಾಪುರ ಪೇಟೆಗೆ ಸೊಸೆಯಾಗಿ ಬಂದ ದಿನ ಇದನ್ನು ನೋಡಿ, ಈ ಮನೆಯಲ್ಲಿ ಹೆಂಗಸರದೇ ಕಾರಭಾರ, ನಾನು ಬದುಕಿದೆ ಎಂದುಕೊಂಡೆ. ಹಾಗೇನೂ ಇರಲಿಲ್ಲ. ಆಕೆಯ ಎಡ ಹಿಮ್ಮಡಿಯ ಮೇಲ್ಗಡೆ ಅಂಗೈ ಕುಳಿಯಷ್ಟು ಅಗಲದ ಹುಣ್ಣಿತ್ತು. ಕಾಲು ಮಡಚಿದರೆ ನೋವು, ಚಾಚಿದರೆ ನೋವು, ಇಳಿಬಿಟ್ಟರೆ ಸ್ವಲ್ಪ ತಡೆಯಬಹುದು. ಅದೂ ಗಳಿಗೆ ಹೊತ್ತು. ಆಮೇಲೆ ಎದ್ದು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ತಿರುಗಬೇಕು. ತಿರುಗಿದರೆ ಮತ್ತೆ ನೋವು, ಮತ್ತೆ ಚೀಲ.

ಒಮ್ಮೆ ಮಾವನ ಕಡೆಯ ನೆಂಟನೊಬ್ಬ, ಸೊಸೆ ಮಾವನ ಮುಂದೆ ಹೀಗೆ ಕೂರುವುದು ಯಾವ ಊರಿನ ಪದ್ಧತಿ ಎಂದು ಕೇಳಿದ. ಮಾವ ತಲೆ ಎತ್ತಲಿಲ್ಲ, ಹಗ್ಗ ಹೊಸೆಯುತ್ತಲೇ ಹೇಳಿದರು:

"ಆಕಿ ಎತ್ತರ ಕುಂತಿಲ್ಲೋ ಯಪ್ಪಾ, ಆಕಿ ಕಾಲು ತಗ್ಗಿನ್ಯಾಗ ಕುಂತೈತಿ."

ಹುಣ್ಣಿಗೆ ನೀಲವ್ವ ಇಟ್ಟ ಹೆಸರು ಸಾಹೇಬ್ರು. ಸಾಹೇಬ್ರು ಎದ್ದರು, ಸಾಹೇಬ್ರು ಇವತ್ತು ಸಿಟ್ಟಿನಲ್ಲಿದ್ದಾರೆ, ಸಾಹೇಬ್ರು ಕೂರಲು ಅಪ್ಪಣೆ ಕೊಡಲಿಲ್ಲ, ಹೀಗೇ ಆಕೆಯ ಮಾತು. ಆಗ ಬಿಳಿಯರ ರಾಜ್ಯ, ಬೀದಿಯಲ್ಲಿ ಯಾರಾದರೂ ಕೇಳಿಸಿಕೊಂಡಾರು ಎಂದು ನನ್ನ ಬಾವ ಹೆದರುತ್ತಿದ್ದ.

ಹುಣ್ಣು ಒಂದೇ ಆಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆಕೆಯ ಚರ್ಮವೇ ಬಿಗಿಯುತ್ತಿತ್ತು. ತಣ್ಣೀರು ಮುಟ್ಟಿದರೆ ಬೆರಳು ಮೊದಲು ಸುಣ್ಣದಂತೆ ಬಿಳಿ, ಆಮೇಲೆ ನೀಲಿ. ಹೆಸರಿಗೆ ತಕ್ಕ ಬೆರಳು ಎಂದು ತಾನೇ ನಗುತ್ತಿದ್ದಳು. ಬೆರಳುಗಳು ಒಳಕ್ಕೆ ಬಾಗಿ ಗಟ್ಟಿಯಾಗಿದ್ದವು, ತುದಿಗಳು ಸವೆದು ಗುಳಿ ಬಿದ್ದಿದ್ದವು. ಬಾಯಿ ಸಣ್ಣದಾಗಿ ಹೋಗಿತ್ತು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಚೂರು ಚೂರು ಒಳಗೆ ತಳ್ಳಿಕೊಳ್ಳುತ್ತಿದ್ದಳು. ಮುಖದ ಮೇಲೆ ಒಂದು ಸುಕ್ಕಿಲ್ಲ, ನಲವತ್ತು ದಾಟಿದವಳಿಗೆ ಇಪ್ಪತ್ತರ ಹುಡುಗಿಯ ಗಲ್ಲ. ಆದರೆ ಆ ಮುಖ ಅಲ್ಲಾಡುತ್ತಿರಲಿಲ್ಲ. ನಕ್ಕರೂ ಅದೇ, ಅತ್ತರೂ ಅದೇ. ಹುಣ್ಣು ಕಡಿಯುವಾಗಲೂ ಅದೇ ಮುಖ. ನೋವಿದೆ ಎಂದು ಗೊತ್ತಾಗಬೇಕಾದರೆ ಆಕೆಯ ಕಾಲು ನೋಡಬೇಕಿತ್ತು, ಅದು ನಿಲ್ಲುತ್ತಲೇ ಇರಲಿಲ್ಲ.

ನನ್ನ ಮೊಮ್ಮಗನ ಹೆಂಡತಿ ನರ್ಸು. ಇಷ್ಟು ವರ್ಷದ ಮೇಲೆ ಅವಳಿಗೆ ಇದನ್ನೆಲ್ಲ ಹೇಳಿದಾಗ ಇದು ಸ್ಕ್ಲೆರೋಡರ್ಮಾ ಇದ್ದೀತು, ಅಂಟುವ ರೋಗವಲ್ಲ ಎಂದಳು. ಆ ಹೆಸರು ನನ್ನ ಬಾಯಲ್ಲಿ ತಿರುಗಲಿಲ್ಲ, ಅವಳ ಕೈಯಿಂದ ಬರೆಸಿಕೊಂಡು ಇಲ್ಲಿ ಇಳಿಸಿದ್ದೇನೆ. ಆಗ ನಮಗೆ ಗೊತ್ತಿದ್ದ ಹೆಸರು ಒಂದೇ, ದೊಡ್ಡ ಬ್ಯಾನಿ. ಕುಷ್ಠಕ್ಕೆ ಹಾಗೆ ಅನ್ನುತ್ತಿದ್ದೆವು. ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಅನ್ನುತ್ತಿರಲಿಲ್ಲ. ನಾನೂ ಅನ್ನಲಿಲ್ಲ, ಆದರೆ ಆಕೆ ಉಣ್ಣುವ ತಾಟು ಬೇರೆ ಇಟ್ಟಿದ್ದೆ. ಬೇವಿನ ನೀರು ಕಾಸಿ ಹುಣ್ಣು ತೊಳೆಯುವ ಕೆಲಸ ನನ್ನದು. ತೊಳೆದ ಮೇಲೆ ಬೂದಿ ಹಚ್ಚಿ ಮೂರು ಸಲ ಕೈ ಉಜ್ಜಿಕೊಳ್ಳುತ್ತಿದ್ದೆ. ಆಕೆ ಚೀಲದ ಮೇಲೆ ಕುಳಿತು ಅದನ್ನು ನೋಡುತ್ತಿದ್ದಳು. ಲಡಾಯಿಯ ಕಾಲ, ಅರಿವೆಗೆ ಕಂಟ್ರೋಲು. ಮಾವನ ಹಳೆಯ ಧೋತರ ಹರಿದು ಪಟ್ಟಿ ಮಾಡುತ್ತಿದ್ದೆವು. ಮಾವ ಕೊನೆಗೆ ಎರಡೇ ಧೋತರಕ್ಕೆ ಬಂದರು.

ಇನ್ನು ನನ್ನ ತಪ್ಪು ಹೇಳಬೇಕು. ಬೆರಳು ಬಾಗಿದ ಮೇಲೂ ನೀಲವ್ವ ಅಂಗೈಯ ಬುಡದಿಂದ ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ಅದೂ ಆಗಲಿಲ್ಲ, ಹನ್ನೊಂದು ಮಂದಿಯ ರೊಟ್ಟಿ ನನ್ನ ಪಾಲಿಗೆ ಬಂತು. ಒಂದು ದಿನ ಬಾವಡಿಯಲ್ಲಿ ನೀರು ಸೇದುವಾಗ ಸಿಟ್ಟಿನಲ್ಲಿ, ನಮ್ಮ ಅಕ್ಕನ ಬೆರಳು ಮೊಂಡ ಆಗಾಕತ್ತಾವ, ಎಲ್ಲಾ ಕೆಲಸ ನನ್ನ ತಲೆ ಮೇಲೆ ಎಂದುಬಿಟ್ಟೆ. ಕೆಲಸದ ಸಿಟ್ಟು ಅದು. ಆದರೆ ಮೊಂಡ ಬೆರಳು ಎಂದರೆ ನಮ್ಮ ಕಡೆ ಒಂದೇ ಅರ್ಥ. ಆ ಮಾತು ಬಾವಡಿಯ ಮೆಟ್ಟಿಲು ಹತ್ತಿತು, ಪೇಟೆ ದಾಟಿತು, ತಿಂಗಳೊಳಗೆ ಬಬಲೇಶ್ವರ ಮುಟ್ಟಿತು. ಬಬಲೇಶ್ವರದಲ್ಲಿ ನೀಲವ್ವನ ಮಗಳು ಗಂಗವ್ವನಿಗೆ ವರ ಗೊತ್ತಾಗಿತ್ತು. ನೀಲವ್ವನಿಗೆ ಇದ್ದದ್ದು ಅದೊಂದೇ ಮಗಳು. ವರನ ತಾಯಿ ಗೌರವ್ವ ಹೇಳಿಕಳಿಸಿದಳು, ಹುಡುಗಿಯನ್ನು ನೋಡಿದ್ದಾಗಿದೆ, ಅಮಾವಾಸ್ಯೆ ಕಳೆದ ಮೇಲೆ ಹುಡುಗಿಯ ತಾಯಿಯನ್ನು ನೋಡಲು ಬರುತ್ತೇವೆ.

ಯಾಕೆ ಬರುತ್ತಾರೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೀಲವ್ವ ಅಡುಗೆಮನೆಗೆ ಬಂದು ನಿಂತಳು.

"ಕಾಶಿ, ಮೊಂಡ ಅನ್ನೂ ಮಾತು ನೀ ಆಡಿದಿ?"

"ಆಡೀನಿ. ರೊಟ್ಟಿ ಸಲುವಾಗಿ ಆಡೀನಿ."

"ರೊಟ್ಟಿ ಸಲುವಾಗಿ ಆಡಿದ್ರ ರೊಟ್ಟಿ ಸುದ್ದಿ ಹೇಳಬೇಕಿತ್ತು. ನನ್ನ ಬೆರಳು ಯಾಕ ಎಳದಿ?"

ನಾನು ಹಿಟ್ಟು ನಾದಿದೆ. ಆಕೆ ಬಾಗಿಲ ತನಕ ಹೋಗಿ ತಿರುಗಿ ಬಂದು, ನಿಮ್ಮ ತವರಿನ ಹತ್ತಿರ ಟಿಕೋಟಾದಲ್ಲಿ ಒಬ್ಬ ಹಕೀಮರಿದ್ದಾರೆ ಅಂದಿದ್ದೆಯಲ್ಲ, ನಾಳೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದಳು.

ಅಥಣಿ ರಸ್ತೆಯಲ್ಲಿ ಆಗ ಇದ್ದಿಲಿನ ಮೋಟಾರು ಓಡುತ್ತಿತ್ತು, ಪೆಟ್ರೋಲು ಲಡಾಯಿಗೆ ಹೋಗಿತ್ತು. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ನೀಲವ್ವ ಟಿಕೋಟಾದವರೆಗೂ ನಿಂತೇ ಬಂದಳು. ಹಕೀಮರು ಮುದುಕರು, ಮೆತ್ತಗೆ ಮಾತಾಡುವವರು. ಆಕೆಗೆ ಕಣ್ಣು ಮುಚ್ಚಲು ಹೇಳಿ, ಒಂದು ನವಿಲುಗರಿಯ ತುದಿಯಿಂದ ಪಾದ, ಬೆರಳು, ಗಲ್ಲ ಮುಟ್ಟುತ್ತ ಹೋದರು. ಮುಟ್ಟಿದಲ್ಲೆಲ್ಲ ನೀಲವ್ವ ಇಲ್ಲಿ, ಇಲ್ಲಿ ಎಂದಳು. ಹುಣ್ಣಿನ ಅಂಚಿಗೆ ಗರಿ ತಾಕಿದ್ದೇ ತಡ, ಕಾಲು ಕಿತ್ತುಕೊಂಡಳು.

"ಬೇಟಿ, ದೊಡ್ಡ ಬ್ಯಾನಿ ಹುಣ್ಣಿಗೆ ಜೀವ ಇರಂಗಿಲ್ಲ. ಕೆಂಡ ಇಟ್ರೂ ಗೊತ್ತಾಗಂಗಿಲ್ಲ. ನಿನಗ ಇಷ್ಟ್ ನೋವೈತಿ ಅಂದ್ರ ಇದು ಅದಲ್ಲ. ಯಾವುದು ಅಂತ ನನಗೂ ತಿಳೀದು."

ಇಷ್ಟು ಹೇಳಿ ಒಂದು ಮಲಾಮು ಕೊಟ್ಟರು. ಜೊತೆಗೆ ಒಂದು ಪುಡಿಕೆ ಕರಿ ಗುಳಿಗೆ, ಅಫೀಮು ಬೆರೆಸಿದ್ದು. ದಿನಕ್ಕೊಂದು ನುಂಗಿ ಮಲಗು, ನೋವು ತಿಳಿಯುವುದಿಲ್ಲ ಎಂದರು.

ಅಲ್ಲೇ ಕೆಟ್ಟದ್ದು. ನೋವು ತಿಳಿಯುವುದಿಲ್ಲ ಎನ್ನುವ ಮಾತು ಆಕೆಯ ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದವಳೇ ಪುಡಿಕೆಯನ್ನು ಗೋಡೆಯ ಮಾಡದಲ್ಲಿ ಇಟ್ಟಳು. ನುಂಗು ಎಂದೆ.

"ನುಂಗಿ ನೋವು ಹೋದ್ರ ಬಬಲೇಶ್ವರದಾಕಿ ಮುಂದ ಏನ್ ತೋರಿಸ್ಲಿ?"

ಗುಳಿಗೆಯ ಅಮಲು ಬೆಳಗಾದರೆ ಇಳಿಯುತ್ತದೆ ಎಂದೆ. ಇಳಿಯದಿದ್ದರೆ ಎಂದಳು. ಬೀಗರು ಬರುವುದಕ್ಕೆ ಇನ್ನೂ ಹನ್ನೆರಡು ದಿನ ಇದ್ದವು.

ಆ ಹನ್ನೆರಡು ದಿನ ಮನೆಯಲ್ಲಿ ಯಾರಿಗೂ ನೆಲೆ ಇರಲಿಲ್ಲ. ಆಕೆ ತಿರುಗುವುದು, ಕೂರುವುದು, ಮತ್ತೆ ಏಳುವುದು. ಉಣ್ಣಲು ಕುಳಿತವಳು ತಾಟು ಹಿಡಿದುಕೊಂಡೇ ಹಿತ್ತಲಿಗೆ ಹೋಗುತ್ತಿದ್ದಳು. ಮಾತು ಕೇಳಿದರೆ ಸಿಡುಕು, ಕೇಳದಿದ್ದರೂ ಸಿಡುಕು. ಗಂಗವ್ವ ತನಗೆ ಆ ಮದುವೆಯೇ ಬೇಡ, ಗುಳಿಗೆ ನುಂಗು ಎಂದು ಅತ್ತಳು, ಅವಳಿಗೂ ಬೈಗುಳ ಬಿತ್ತು. ಮಾವ ಹಗ್ಗದ ಕೆಲಸವನ್ನು ಪೇಟೆಯ ತಮ್ಮ ಅಂಗಡಿಗೆ ಒಯ್ದರು. ನನಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ಆಕೆಯ ಹಿಮ್ಮಡಿಯ ಸಪ್ಪಳ ಕೇಳಿ ಕೇಳಿ ನನ್ನ ಕಾಲೂ ನಿಲ್ಲದಾಯಿತು. ಒಂಬತ್ತನೆಯ ದಿನ ಮಾಡದಿಂದ ಒಂದು ಗುಳಿಗೆ ತೆಗೆದು ಕಲ್ಲಿನ ಮೇಲೆ ತೇಯ್ದೆ. ಆಕೆಯ ಗಂಜಿಗೆ ಹಾಕುವುದು ಎಂದು. ಹಾಕಲಿಲ್ಲ, ಕಲ್ಲು ತೊಳೆದುಬಿಟ್ಟೆ. ಅಮಲು ಇಳಿಯದಿದ್ದರೆ ಎನ್ನುವ ಆಕೆಯ ಹೆದರಿಕೆ ನನಗೂ ಹತ್ತಿಕೊಂಡಿತ್ತು. ಬಾವಡಿಯಲ್ಲಿ ಒಮ್ಮೆ ಕೆಡಿಸಿದ್ದು ಸಾಕಾಗಿತ್ತು.

ಗೌರವ್ವ ಬಂದಳು. ದಪ್ಪ ಹೆಂಗಸು, ಬಾಯಿ ತುಂಬ ಎಲೆ ಅಡಿಕೆ. ಜಮಖಾನೆಯ ಮೇಲೆ ಕುಳಿತು ಸುತ್ತ ನೋಡಿದಳು. ನೀಲವ್ವ ಆ ದಿನ ಚೀಲದ ಮೇಲೆ ಕೂರಲಿಲ್ಲ. ಬೀಗಿತಿಯ ಎದುರಿಗೆ ಎತ್ತರ ಕೂರಬಾರದು ಎಂದು ಗೋಡೆ ಹಿಡಿದು ನೆಲಕ್ಕೆ ಇಳಿದಳು. ಮೊಣಕಾಲು ಮಡಚಲಿಲ್ಲ, ಕಾಲು ಕೋಲಿನಂತೆ ಮುಂದೆ ಚಾಚಿತು. ಮುಖ ಎಂದಿನಂತೆ ಬೊಂಬೆಯ ಮುಖ, ಹಣೆಯ ಮೇಲೆ ಮಾತ್ರ ಬೆವರು. ಗೌರವ್ವ ಆ ಬೆರಳು ನೋಡಿದಳು, ಆ ಮುಖ ನೋಡಿದಳು. ಅಷ್ಟು ದೊಡ್ಡ ಹುಣ್ಣು ಇಟ್ಟುಕೊಂಡು ಮುಖ ಕಿವುಚುವುದಿಲ್ಲವಲ್ಲ ಎಂದಳು. ಅದರ ಹಿಂದಿನ ಮಾತು ನಮಗೆಲ್ಲ ಕೇಳಿಸಿತು.

ನೀಲವ್ವ ನನ್ನ ಕಡೆ ತಿರುಗದೆ, ಕೌದಿ ಹೊಲಿಯುವ ಸೂಜಿ ತಾ ಎಂದಳು. ತಂದೆ. ಅದನ್ನು ಗೌರವ್ವನ ಮುಂದೆ ಇಟ್ಟು ಸೆರಗಿನಿಂದ ತನ್ನ ಕಣ್ಣು ಮುಚ್ಚಿಕೊಂಡಳು.

"ಎಲ್ಲಿ ಬೇಕಾದಲ್ಲಿ ಮುಟ್ರಿ. ದೊಡ್ಡ ಬ್ಯಾನಿ ಇದ್ದಾಕಿಗೆ ಗೊತ್ತಾಗಂಗಿಲ್ಲಂತ. ನಾ ತಪ್ಪಿ ಹೇಳಿದ್ರ ಎದ್ದು ಹೋಗ್ರಿ."

ಗೌರವ್ವ ಬೇಡ ಅನ್ನಲಿಲ್ಲ. ಅಂಥ ನಾಜೂಕಿನ ಹೆಂಗಸಲ್ಲ ಅವಳು. ಎಲೆ ಅಡಿಕೆ ಉಗಿದು ಬಂದು, ಸೂಜಿ ತೆಗೆದುಕೊಂಡು ಕೈಯಿಂದ ಶುರು ಮಾಡಿದಳು. ಹೆಬ್ಬೆರಳು ಎಂದಳು ನೀಲವ್ವ. ಕಿರುಬೆರಳು. ಮುಂಗೈ. ಪಾದ. ಎಲ್ಲ ಸರಿಯಾಗಿತ್ತು. ಗೌರವ್ವ ಪಟ್ಟಿ ಸರಿಸಿ ಹುಣ್ಣಿನ ಅಂಚಿಗೆ ಸೂಜಿ ಇಟ್ಟಳು. ಮೆಲ್ಲಗೇ ಇಟ್ಟಳು, ನಾನು ನೋಡಿದ್ದೇನೆ.

"ನಿನ್ನ ಕೈ ಸೇದಿ ಹೋಗ್ಲಿ, ಹಾಟ್ಯಾನ ಬೀಗಿತಿ ಬಂದಾಳ."

ನೀಲವ್ವ ಸೆರಗಿನೊಳಗಿಂದಲೇ ಕಿರುಚಿದ್ದಳು. ಬೀಗಿತಿಗೆ, ಅದೂ ಗಂಡಿನ ತಾಯಿಗೆ, ಯಾರೂ ಹಾಗೆ ಬೈದದ್ದು ನಾವು ಕೇಳಿರಲಿಲ್ಲ. ಮಾವ ಎದ್ದು ನಿಂತರು. ನೀಲವ್ವ ಸೆರಗು ತೆಗೆಯಲೇ ಇಲ್ಲ, ಅದರೊಳಗೇ ಕುಳಿತಳು. ಕಾಲು ಮಾತ್ರ ನಡುಗುತ್ತಿತ್ತು. ಗೌರವ್ವ ಸೂಜಿಯನ್ನು ತನ್ನ ಸೀರೆಗೆ ಒರೆಸಿ ನನ್ನ ಕೈಗೆ ಕೊಟ್ಟಳು. ಆಮೇಲೆ ಹೊಟ್ಟೆ ಅಲ್ಲಾಡುವಂತೆ ನಕ್ಕಳು.

"ಇಷ್ಟ್ ಜೋರ ಬೈಯಾಕಿಗೆ ಯಾವ ದೊಡ್ಡ ಬ್ಯಾನಿ ಬಂದೀತು? ನನ್ನ ಮಗ ಅತ್ತಿ ಕೈಯಾಗ ಸಿಕ್ಕು ಸತ್ತ. ಉಡಿ ತುಂಬ್ರಿ ನನಗ."

ಉಡಿ ತುಂಬುವುದೆಂದರೆ ಬೀಗಿತಿಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಅರಿವೆ ಹಾಕುವುದು. ಸಂಬಂಧ ಗಟ್ಟಿ ಎಂದು ಅರ್ಥ. ನಾನು ಹಾಕುತ್ತೇನೆ ಎಂದು ಮುಂದೆ ಬಂದೆ. ಗೌರವ್ವ, ತಾಯಿಯ ಕೈಯಿಂದಲೇ ಆಗಲಿ ಎಂದಳು. ನೀಲವ್ವನ ಬೆರಳಲ್ಲಿ ಅಕ್ಕಿ ನಿಲ್ಲಲಿಲ್ಲ, ಅರ್ಧ ಜಮಖಾನೆಯ ಮೇಲೆ ಚೆಲ್ಲಿತು. ಗೌರವ್ವ ಕೂತಲ್ಲೇ ಒಂದೊಂದು ಕಾಳು ಆರಿಸಿ ತನ್ನ ಉಡಿಗೆ ಹಾಕಿಕೊಂಡಳು.

ಅವರ ಚಕ್ಕಡಿ ಓಣಿ ದಾಟಿದ ಮೇಲೆ ನೀಲವ್ವ ಮಾಡದಿಂದ ಗುಳಿಗೆ ತರಿಸಿ ನುಂಗಿದಳು. ಚೀಲದ ಮೇಲೆ ಗೋಡೆಗೆ ಒರಗಿ, ಕಾಲು ಇಳಿಬಿಟ್ಟುಕೊಂಡೇ ನಿದ್ದೆ ಹೋದಳು. ಮರುದಿನ ಮಧ್ಯಾಹ್ನದವರೆಗೆ ಆ ಕಾಲು ಅಲ್ಲಾಡಲಿಲ್ಲ. ಮಾವ ಎರಡು ಸಲ ಮೂಗಿನ ಹತ್ತಿರ ಕೈ ಹಿಡಿದು ನೋಡಿದರು. ಎದ್ದವಳು ಮೊದಲು ಕೇಳಿದ್ದು ಸೂಜಿ. ತಾನೇ ಬೆರಳಿಗೆ ಚುಚ್ಚಿಕೊಂಡು, ಐತಿ, ಗೊತ್ತಾಗತೈತಿ ಎಂದಳು. ಆ ದಿನದಿಂದ ನಾನು ತಾಟು ಬೇರೆ ಇಡುವುದನ್ನು ಬಿಟ್ಟೆ.

ಗಂಗವ್ವನ ಮದುವೆಯಾಯಿತು. ಸಾಹೇಬ್ರು ಬೇಸಿಗೆಯಲ್ಲಿ ಸ್ವಲ್ಪ ಸಣ್ಣಗಾಗುತ್ತಿದ್ದರು, ಚಳಿ ಬಿದ್ದರೆ ಮತ್ತೆ ಬಾಯಿ ತೆರೆಯುತ್ತಿದ್ದರು. ಗುಳಿಗೆ ಒಂದು ದಿನ ಹಿಡಿದರೆ ಎರಡು ದಿನ ಹಿಡಿಯುತ್ತಿರಲಿಲ್ಲ. ಎರಡು ವರ್ಷ ಹಾಗೇ ತಿರುಗಿದಳು. ಆಮೇಲೆ ಚರ್ಮದ ಬಿಗಿ ಎದೆಗೂ ಇಳಿಯಿತೋ ಏನೋ, ಮೇಲುಸಿರು ಬಂತು, ಪಡಸಾಲೆಯಿಂದ ಹಿತ್ತಲಿಗೆ ಹೋಗುವಷ್ಟೂ ದಮ್ಮು ಉಳಿಯಲಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಗಂಜಿ ತಂದುಕೊಟ್ಟು ಒಲೆಯ ಮುಂದೆ ಹೋದೆ. ಬಂದು ನೋಡಿದರೆ ಗಂಜಿ ಹಾಗೇ ಇತ್ತು, ಆಕೆ ಇರಲಿಲ್ಲ.

ಮಣ್ಣು ಕೊಡುವ ಮೊದಲು ಹೆಣವನ್ನು ಮೀಯಿಸಬೇಕು. ಓಣಿಯ ಹೆಂಗಸರು ಬಂದರು, ಹೊಸ್ತಿಲ ಹೊರಗೆ ನಿಂತರು. ಯಾರೂ ಒಳಗೆ ಕಾಲಿಡಲಿಲ್ಲ. ನನ್ನ ಬಾಯಿಂದ ಬಿದ್ದ ಮಾತು ಎರಡು ವರ್ಷದ ಮೇಲೂ ಅವರ ಮುಖದ ಮೇಲಿತ್ತು. ನಾನು ಒಬ್ಬಳೇ ಕೊಡ ಹಿಡಿದು ನಿಂತೆ. ಹೊತ್ತು ನೆತ್ತಿಗೆ ಬರುವಾಗ ಬಬಲೇಶ್ವರದಿಂದ ಗಂಗವ್ವನನ್ನು ಕರೆದುಕೊಂಡು ಗೌರವ್ವ ಬಂದಳು. ಹೊಸ್ತಿಲಲ್ಲಿ ನಿಂತವರನ್ನು ಮೊಣಕೈಯಿಂದ ಸರಿಸಿ ಒಳಗೆ ನಡೆದಳು, ಸೀರೆ ಮೇಲೆ ಕಟ್ಟಿದಳು, ಹೆಣದ ತಲೆಯನ್ನು ತನ್ನ ತೊಡೆಯ ಮೇಲೆ ಎತ್ತಿಕೊಂಡು ಕೂದಲು ಬಿಚ್ಚಿದಳು. ಅದಾದ ಮೇಲೆ ಇನ್ನೂ ಇಬ್ಬರು ಒಳಗೆ ಬಂದರು.

ಕಾಲು ನನ್ನ ಪಾಲಿಗೆ ಬಂತು. ಪಟ್ಟಿ ಹುಣ್ಣಿಗೆ ಅಂಟಿತ್ತು. ಬೆಚ್ಚಗಿನ ನೀರನ್ನು ಅಂಚಿನಿಂದ ಹನಿ ಹನಿ ಬಿಟ್ಟೆ. ಗೌರವ್ವ ಅದನ್ನು ನೋಡುತ್ತಿದ್ದಳು.

"ಇನ್ನ ಯಾಕ ಬೇ ಅಷ್ಟ್ ಹಗೂರ? ಎಳದು ತೆಗಿ. ಹೊರಗ ಗಂಡಸರು ಕಾಯಾಕತ್ತಾರ."

ಕಾಯಲಿ ಬಿಡ್ರಿ ಎಂದೆ. ಪಟ್ಟಿ ತಾನಾಗಿ ಬಿಡುವವರೆಗೂ ನೀರು ಬಿಡುತ್ತ ಕುಳಿತೆ.