ಹರಳೆಣ್ಣೆ ಹಚ್ಚಿದ ಹಲ್ಲಿನ ಸೆಟ್ಟು

ಮೊಮ್ಮಕ್ಕಳೇ, ಹೋದ ವಾರ ನೀವು ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಿರಲ್ಲ, ಅವರು ದವಡೆಯ ಚಿತ್ರ ತೆಗೆದು, ಸ್ಕ್ರೂ ಹಲ್ಲು ಕೂರಿಸುವಷ್ಟು ಮೂಳೆ ಇಲ್ಲಿ ಉಳಿದಿಲ್ಲ, ಹಲ್ಲು ಹೋಗಿ ಬಹಳ ವರ್ಷವಾಗಿದೆ ಎಂದರು. ನಿಮಗೆ ಆಶ್ಚರ್ಯವಾಯಿತು. ನನಗೆ ಆಗಲಿಲ್ಲ. ಈ ಮಾತನ್ನು ಎಪ್ಪತ್ತರ ದಶಕದಲ್ಲೇ ದುರ್ಗದಲ್ಲಿ ಕೇಳಿದ್ದೆ. ಡಾಕ್ಟರ ಮುಂದೆ ಹೇಳಲು ಸಂಕೋಚವಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮುತ್ತಜ್ಜ, ಅಂದರೆ ನನ್ನ ಮಾವ, ಆದಿವಾಲದಲ್ಲಿ ಕುರಿ ಸಾಕಿಕೊಂಡಿದ್ದವರು. ಹಿರಿಯೂರು ಸಂತೆಯಲ್ಲಿ ನಮ್ಮ ಕಡೆಯವರು ಯಾರೇ ಕುರಿ ಕೊಳ್ಳಲಿ, ಮೊದಲು ಮಾವನಿಗೆ ತೋರಿಸುತ್ತಿದ್ದರು. ಅವರು ಕುರಿಯ ತುಟಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದರು. ಹಲ್ಲು ಉದುರಿದ ಕುರಿ ಮೇಯಲಾರದು, ಅದನ್ನು ಸಾಕುವುದಕ್ಕೆ ಯಾರೂ ಕೊಳ್ಳುವುದಿಲ್ಲ. ಮಾವನ ಮಾತಿಗೆ ಸಂತೆಯಲ್ಲಿ ಎದುರಿರಲಿಲ್ಲ. ಅದು ಬಿಟ್ಟರೆ ಅವರಿಗೆ ಬೇರೆ ಹೆಮ್ಮೆಯೂ ಇರಲಿಲ್ಲ.

ಅವರ ಹಲ್ಲೆಲ್ಲ ಹೋದಾಗ ಊಟಕ್ಕೇನೂ ತೊಂದರೆಯಾಗಲಿಲ್ಲ. ಮುದ್ದೆ ನುಂಗುವವರಿಗೆ ಹಲ್ಲು ಯಾಕೆ? ತೊಂದರೆಯಾದದ್ದು ಸಂತೆಯಲ್ಲಿ. ಬೊಚ್ಚು ಬಾಯಿಯವರು ಕುರಿಯ ಬಾಯಿ ಬಿಡಿಸಿದರೆ ಜನ ನಗುತ್ತಿದ್ದರು. ಅದಕ್ಕೆ ದುರ್ಗಕ್ಕೆ ಹೋಗಿ ಕಟ್ಟುಹಲ್ಲಿನ ಸೆಟ್ಟು ಮಾಡಿಸಿಕೊಂಡು ಬಂದರು.

ರಾತ್ರಿ ತೆಗೆದು ನೀರಿನಲ್ಲಿಡಿ ಎಂದು ಡಾಕ್ಟರು ಹೇಳಿದ್ದರು. ಮಾವ ಇಡಲಿಲ್ಲ. ಹೊಸ ಚರ್ಮದ ಕೆರ ಕಾಲು ಕಚ್ಚಿದರೆ ಹರಳೆಣ್ಣೆ ಹಚ್ಚಿ, ಬಿಡದೆ ಮೆಟ್ಟಿ ಪಳಗಿಸುವುದು ನಮ್ಮ ಕಡೆಯ ರೂಢಿ. ಸೆಟ್ಟಿಗೂ ಹರಳೆಣ್ಣೆ ಹಚ್ಚಿದರು. ಹಾಕಿಕೊಂಡೇ ಉಂಡರು, ಹಾಕಿಕೊಂಡೇ ಮಲಗಿದರು. ಅತ್ತೆ ವಾಸನೆ ತಾಳಲಾರದೆ ಚಾಪೆಯನ್ನು ಪಡಸಾಲೆಗೆ ಒಯ್ದರು. ಮೊದಲು ಸರಿಯಾಗಿ ಕೂತಿದ್ದ ಸೆಟ್ಟು ಬರಬರುತ್ತಾ ಸಡಿಲವಾಯಿತು. ಮಾವ ಇನ್ನಷ್ಟು ಎಣ್ಣೆ ಹಚ್ಚಿದರು.

ಒಂದು ಸಂತೆಯ ದಿನ, ಈ ಕುರಿಯ ಹಲ್ಲು ಅಲ್ಲಾಡುತ್ತವೆ, ಬೇಡ ಎಂದು ಹೇಳುತ್ತಿರುವಾಗಲೇ ಮಾವನ ಕೆಳಗಿನ ಸೆಟ್ಟು ಜಾರಿ ಕುರಿಯ ಬೆನ್ನ ಮೇಲೆ ಬಿತ್ತಂತೆ. ಕುರಿ ಮಾರುವವನು ಅದನ್ನು ಎತ್ತಿ ಕೊಟ್ಟು, "ಏನಪ್ಪ ಯಜಮಾನ, ಹಲ್ಲು ಅಲ್ಲಾಡಾದು ಕುರಿದೋ, ನಿಂದೋ?" ಎಂದನಂತೆ. ಜೊತೆಗಿದ್ದ ನನ್ನ ಗಂಡ ಮನೆಗೆ ಬಂದು ಹೇಳಿದರು. ಮಾವ ಆಮೇಲೆ ಸಂತೆಗೆ ಹೋಗುವುದನ್ನೇ ಬಿಟ್ಟರು.

ಗಂಡ ಕುರಿಯ ಹಿಂದೆ ಹೋಗಬೇಕಿದ್ದರಿಂದ ಸೆಟ್ಟು ತೋರಿಸಲು ಮಾವನ ಜೊತೆ ದುರ್ಗಕ್ಕೆ ನಾನು ಹೋದೆ. ಸೆಟ್ಟು ಹಿಗ್ಗಿಬಿಟ್ಟಿದೆ ಎಂದು ಮಾವ ದೂರಿದರು.

ಡಾಕ್ಟರು ಬಾಯೊಳಗೆ ಬೆರಳಾಡಿಸಿ, "ಸೆಟ್ಟು ಹಿಗ್ಗಿಲ್ಲ ಯಜಮಾನ್ರೇ. ನಿಮ್ಮ ದವಡೆ ಮೂಳೆ ಕರಗೈತೆ," ಎಂದರು.

ಹಲ್ಲಿನ ಬೇರು ಇದ್ದರೆ ಮೂಳೆಗೆ ಕೆಲಸವಿರುತ್ತದೆ, ಬೇರು ಹೋದರೆ ಮೂಳೆ ಸವೆಯುತ್ತದೆ, ಹಗಲೂ ರಾತ್ರಿ ಸೆಟ್ಟು ಒತ್ತುತ್ತಿದ್ದರೆ ಇನ್ನೂ ಬೇಗ ಸವೆಯುತ್ತದೆ ಎಂದು ಬಿಡಿಸಿ ಹೇಳಿದರು. ಕೆರ ಕಾಲಿಗೆ ಹೊಂದುವುದನ್ನು ಮಾವ ಕಂಡಿದ್ದರು. ಕೆರದೊಳಗೆ ಕಾಲೇ ಸವೆಯುವುದನ್ನು ಕಂಡಿರಲಿಲ್ಲ.

ಮಾವ, "ಹಂಗಾದ್ರೆ ಗೂಟ ಹೊಡ್ದಂಗೆ ಮೂಳೆಗೇ ಹೊಡ್ದುಬಿಡ್ರಿ," ಎಂದರು.

ಡಾಕ್ಟರು ನಗಲಿಲ್ಲ. ಹೊರದೇಶದಲ್ಲಿ ಹಾಗೆ ನೆಡುತ್ತಿದ್ದಾರೆ, ತಗಡಿನಂಥದು, ಸ್ಕ್ರೂವಿನಂಥದು ಎಂದು ಬೇರೆ ಬೇರೆ ಆಕಾರ ಮಾಡಿ ನೋಡುತ್ತಿದ್ದಾರೆ ಎಂದರು. ಆಕಾರ ಸರಿಯಿಲ್ಲದೆ ಅಗಿಯುವ ಭಾರವೆಲ್ಲ ಒಂದೇ ಕಡೆ ಬಿದ್ದರೆ ಸುತ್ತಲಿನ ಮೂಳೆ ಸವೆದು ಗೂಟವೇ ಅಲ್ಲಾಡುತ್ತದಂತೆ. ಯಾವುದು ಬಹುಕಾಲ ನಿಲ್ಲುತ್ತದೋ ಇನ್ನೂ ಗೊತ್ತಿಲ್ಲವಂತೆ.

"ಗೊತ್ತಾದ ಮ್ಯಾಲೆ ಹೇಳಿಕಳ್ಸ್ರಿ," ಎಂದರು ಮಾವ.

ಹೊಸ ಸೆಟ್ಟಾಯಿತು. ಇದೂ ಒಂದು ದಿನ ಸಡಿಲವಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಈ ಸಲ ಮಾವ ದಿನಾ ರಾತ್ರಿ ಅದನ್ನು ತೆಗೆದು ಚೊಂಬಿನ ನೀರಿಗೆ ಹಾಕಿದರು, ಅತ್ತೆಯ ಚಾಪೆ ಒಳಗೆ ಬಂತು.

ಮುಂದಿನ ಸಂತೆಗೆ ಮಾವ ಹೋದರು. ಅದೇ ಮಾರುವವನು ನಿಂತಿದ್ದನಂತೆ, ನಗುವುದಕ್ಕೆ ಸುತ್ತ ಜನರೂ ಇದ್ದರಂತೆ. ಮಾವ ಎಲ್ಲರೆದುರೇ ಎರಡೂ ಸೆಟ್ಟು ತೆಗೆದು, ಟವಲಿನ ತುದಿಯಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಂದು ನೋಡಿದ್ರಲ್ಲ. ಈಗ ಕುರಿದು ನೋಡಾಣ, ಹಿಡ್ಕಳ್ರಿ."

ಮಾರುವವನು ಕುರಿ ಹಿಡಿದುಕೊಂಡ.