ಬಾಣಂತಿ ನೀರು

ಜಗಳ ಆಡಲೆಂದೇ ಹೊರಟು ಅಂಟಿನುಂಡೆ ತಿಂದು ವಾಪಸು ಬಂದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಅವರು ನನ್ನ ಸ್ವಂತ ಬಂಧುಗಳು. ನನಗಂತೂ ಒಂದು ಕಾಲದಲ್ಲಿ ಅದು ಅಭ್ಯಾಸವೇ ಆಗಿಹೋಗಿತ್ತು.

ಎಪ್ಪತ್ತರ ದಶಕದ ಮಾತು. ಚನ್ನಗಿರಿಯಲ್ಲಿ ನಮಗೂ ಪಕ್ಕದ ಸಿದ್ದಮ್ಮನವರಿಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಆ ಕಡೆ ಅವರ ಬಚ್ಚಲು, ಈ ಕಡೆ ನಮ್ಮವ್ವನ ಚಾಪೆ. ಬೆಳಿಗ್ಗೆ ರೊಟ್ಟಿ ತಿಂದು, ಎಲೆಅಡಿಕೆ ಹಾಕಿಕೊಂಡು ಗೋಡೆಗೊರಗಿದರೆ ಅವ್ವ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಹೀಗಿರುವಾಗ, ತ್ಯಾವಣಿಗೆಗೆ ಕೊಟ್ಟಿದ್ದ ಸಿದ್ದಮ್ಮನವರ ಮಗಳು ಗೌರಿ ಚೊಚ್ಚಲ ಬಾಣಂತನಕ್ಕೆ ಬಂದಳು ನೋಡಿ, ನಮ್ಮ ಗೋಡೆಗೆ ಶನಿ ಹಿಡಿಯಿತು. ಬಾಣಂತಿಗೆ ಹಂಡೆ ಖಾಲಿಯಾಗುವವರೆಗೂ ಬಿಸಿನೀರು ಹುಯ್ಯಬೇಕು, ಅದು ನಮ್ಮ ಕಡೆಯ ಪದ್ಧತಿ. ಆ ನೀರು ಮೋರಿ ಬಿಟ್ಟು ನಮ್ಮ ಕಡೆಗೆ ಜಿನುಗತೊಡಗಿತು. ಭಗೀರಥ ಪಾಪ, ತಪಸ್ಸು ಮಾಡಿ ಗಂಗೆಯನ್ನು ಕರೆತಂದ. ನಮ್ಮನೆಗೆ ಅವಳು ಕರೆಯದೇ ಬಂದಳು. ನೀರು ತಗ್ಗು ಹುಡುಕುತ್ತದೆ ಎಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದವನೂ ನಾನೇ!

ಸುಣ್ಣ ಉದುರಿತು. ಗೋಡೆಯ ಬುಡ ಮೆತ್ತಗಾಯಿತು. ನನಗೆ ಭಯ. "ಅವ್ವಾ, ಇವತ್ತು ಹೇಳೇಬಿಡ್ತೀನಿ" ಎಂದರೆ ಅವ್ವ ಕಣ್ಣು ಕೆಂಪಗೆ ಮಾಡುತ್ತಿದ್ದಳು.

"ಬಾಣಂತಿ ನೀರಿಗೆ ಅಡ್ಡ ಮಾತಾಡ್ತಾರೇನೋ? ಬಾಯಾಗೆ ಹುಳ ಬೀಳ್ತಾವೆ!"

ಹೋಗಲಿ, ಚಾಪೆಯನ್ನಾದರೂ ಆಚೆ ಹಾಕಿಕೋ ಎಂದರೆ, ಒಳಗೆ ಗಾಳಿ ಆಡುವುದಿಲ್ಲ ಎನ್ನುತ್ತಿದ್ದಳು. ಕದ್ದುಮುಚ್ಚಿ ನಾನೇ ಹೋಗುತ್ತಿದ್ದೆ. ಸಿದ್ದಮ್ಮ, "ಬರ್ರಿ ಮೇಷ್ಟ್ರೇ, ಕೂಸು ನೋಡ್ರಿ, ನಿಮ್ಮಂಗೇ ಮುಖ ಗಂಟಿಕ್ಕೈತೆ" ಎಂದು, ಬಾಣಂತಿಗೆ ಕಟ್ಟಿದ ಅಂಟಿನುಂಡೆಯಲ್ಲಿ ಒಂದನ್ನು ನನ್ನ ಕೈಗಿಡುತ್ತಿದ್ದರು. ಅದನ್ನು ಬಾಯಲ್ಲಿಟ್ಟುಕೊಂಡು ಜಗಳ ಆಡುವ ವಿದ್ಯೆ ನನಗೆ ಇವತ್ತಿಗೂ ಬಂದಿಲ್ಲ.

ಕಡೆಗೊಂದು ದಿನ ಅವ್ವನೇ ಎದ್ದು ಹೋದಳು. ನನಗೋ ಹಿಗ್ಗು. ಆದರೆ ಅವಳು ಅಲ್ಲಿ ಹೇಳಿದ್ದು ಇಷ್ಟು: "ಸಿದ್ದವ್ವಾ, ಗೋಡೆ ನೆಂದೈತೆ. ಒಣಗೋತನಕ ಗೌರೀನ ನಮ್ಮ ಹಿತ್ತಲ ಬಚ್ಚಲಿಗೆ ಕರ್ಕೊಂಡ್ ಬಾ. ನೀರು ನಾನೇ ಹುಯ್ತೀನಿ."

ಅಬ್ಬಬ್ಬಾ! ಅವರ ಮನೆಯ ನೀರು ಸಾಲದೆಂದು ಬಾಣಂತಿಯನ್ನೂ ತಂದುಕೊಂಡಳಲ್ಲ ಎಂದು ನಾನು ಕುದ್ದುಹೋದೆ. ಮನೆಯೆಲ್ಲ ಹೊಗೆ, ಸಾಂಬ್ರಾಣಿ, ಕೂಸಿನ ಅಳು. ನನ್ನ ಪಾಲಿಗೆ ತಣ್ಣೀರು. ಅವ್ವ ಮಾತ್ರ ಸೆರಗು ಸಿಕ್ಕಿಸಿಕೊಂಡು ಹತ್ತು ವರ್ಷ ಚಿಕ್ಕವಳಾದಂತೆ ಓಡಾಡುತ್ತಿದ್ದಳು.

ಹಾಗೇ ಒಂದು ಬೆಳಿಗ್ಗೆ, ಅವ್ವ ಹಿತ್ತಲಲ್ಲಿ ಗೌರಿಯ ಬೆನ್ನಿಗೆ ನೀರು ಹುಯ್ಯುತ್ತಿದ್ದಾಗ, ಒಣಗಿ ಬಿರುಕುಬಿಟ್ಟಿದ್ದ ಗೋಡೆ ದೊಪ್ಪನೆ ಕುಸಿಯಿತು. ಓಡಿಬಂದು ನೋಡಿದರೆ ಚಾಪೆ ಕಾಣಲೇ ಇಲ್ಲ, ಅದರ ಮೇಲೆ ಮೊಣಕಾಲುದ್ದ ಮಣ್ಣು. ಅವ್ವ ಎಲೆಅಡಿಕೆ ಹಾಕಿಕೊಂಡು ಒರಗುವ ಹೊತ್ತು ಅದು. ಬುಡ ನೆಂದ ಗೋಡೆ ಹೇಗೂ ಬೀಳುವುದೇ ಇತ್ತು; ನಾನು ಜಗಳ ಆಡಿ ಗೆದ್ದಿದ್ದರೆ, ಅವರು ಬೇರೆಲ್ಲೋ ನೀರು ಹುಯ್ದುಕೊಂಡಿದ್ದರೆ, ಅವ್ವ ಅಲ್ಲೇ ಇರುತ್ತಿದ್ದಳು. ಆ ಮಣ್ಣಿನ ಪಕ್ಕದಲ್ಲೇ ಕೂತುಬಿಟ್ಟೆ.

"ನಮ್ಮ ನೀರಿಂದ ನಿಮ್ಮ ಗೋಡೆ ಹೋತಲ್ರೀ ಮೇಷ್ಟ್ರೇ, ತಪ್ಪಾತು" ಎಂದು ಸಿದ್ದಮ್ಮ ಕೂಸನ್ನೆತ್ತಿಕೊಂಡೇ ಅಳುತ್ತ ಬಂದರು. ನಾನು ಕೈ ಚಾಚಿ ಕೂಸನ್ನು ಇಸಿದುಕೊಂಡೆ. ಅದು ನನ್ನ ಮುಖ ನೋಡಿತು, ಒಮ್ಮೆ ಆಕಳಿಸಿತು, ಆಮೇಲೆ ನಿಧಾನವಾಗಿ ನನ್ನ ಅಂಗಿಯೆಲ್ಲ ತೋಯಿಸಿತು.

ಸಿದ್ದಮ್ಮ ಗಾಬರಿಯಿಂದ ಎತ್ತಿಕೊಳ್ಳಲು ಬಂದರು. ನಾನು ಕೊಡಲಿಲ್ಲ. ಆ ಮನೆಯ ನೀರು ಇನ್ನೆಷ್ಟಾದರೂ ನನ್ನ ಕಡೆಗೇ ಹರಿಯಲಿ ಎಂದುಕೊಂಡು, ಒದ್ದೆ ಅಂಗಿಯಲ್ಲಿ ಎಷ್ಟೋ ಹೊತ್ತು ಹಾಗೇ ಕೂತಿದ್ದೆ.